ಉಣ್ಣಲೊಲ್ಲದ ಮನಸ್ಸು ಯಾರದು?

1943ರ ಆಗಸ್ಟ್ 24ರಂದು ಇಂಗ್ಲೆಂಡಿನ ಕೆಂಟ್ ಸೀಮೆಯ ಆಶ್‌ಫರ್ಡ್‌ನಲ್ಲಿದ್ದ ಕ್ಷಯರೋಗಿಗಳ ಆಸ್ಪತ್ರೆಯಲ್ಲಿ ಸಿಮೋನ್ ವೇಯ್ ತೀರಿಕೊಂಡರು. ಆಗ ಅವರಿಗೆ 34 ವರ್ಷ. ಪ್ಯಾರಿಸ್‌ನಲ್ಲಿ ಹುಟ್ಟಿ, ತತ್ವಶಾಸ್ತ್ರದ ಪಾಠ ಹೇಳಿ, ಕಾರ್ಖಾನೆಗಳಲ್ಲಿ ಕೂಲಿಯಾಳಾಗಿ ದುಡಿದು, ಭಗವದ್ಗೀತೆಯನ್ನು ಮೂಲದಲ್ಲೇ ಓದಬೇಕೆಂದು ಸಂಸ್ಕೃತ ಕಲಿತ ಹೆಣ್ಣುಮಗಳು. ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಜನರಿಗೆ ಸಿಗುವ ಪಡಿತರಕ್ಕಿಂತ ಹೆಚ್ಚು ಉಣ್ಣುವುದಿಲ್ಲ ಎಂಬುದು ಅವರ ನಿಲುವಾಗಿತ್ತು. ಕ್ಷಯಕ್ಕೆ ವಿಶ್ರಾಂತಿ, ಒಳ್ಳೆಯ ಊಟ ಇವೇ ಮುಖ್ಯ ಚಿಕಿತ್ಸೆಯಾಗಿದ್ದ ಕಾಲದಲ್ಲಿ ಅವರು ತಟ್ಟೆಯನ್ನು ದೂರ ಸರಿಸಿದರು. ಸಾವಿನ ವಿಚಾರಣೆ ನಡೆಸಿದ ಅಧಿಕಾರಿ, ಮನಸ್ಸಿನ ಸಮತೋಲ ತಪ್ಪಿದ ಸ್ಥಿತಿಯಲ್ಲಿ ಊಟ ಬಿಟ್ಟು ಮಾಡಿಕೊಂಡ ಆತ್ಮಹತ್ಯೆ ಎಂದು ದಾಖಲಿಸಿದರು.

ಅಲ್ಲಿಂದೀಚೆಗೆ ವೇಯ್ ಅವರ ಓದುಗರಲ್ಲಿ ಎರಡು ಪಂಗಡ. ಪರರ ಹಸಿವನ್ನು ತನ್ನ ಮೈಮೇಲೆ ಎಳೆದುಕೊಂಡ ಸಂತಳು ಎಂದು ಕೈಮುಗಿಯುವವರು ಕೆಲವರು. ದಪ್ಪಗಾಗುವ ಭಯದಲ್ಲಿ ಊಟ ಬಿಡಿಸುವ ಅನೊರೆಕ್ಸಿಯಾ ಎಂಬ ಕಾಯಿಲೆ ಹೆಸರು ಬದಲಿಸಿಕೊಂಡು ಬಂದಿತ್ತು ಎನ್ನುವವರು ಇನ್ನು ಕೆಲವರು. ಸತ್ತವರ ನಾಡಿ ಹಿಡಿದು ರೋಗ ಹೇಳುವುದು ಸಲ್ಲದ ಕೆಲಸ. ಆದರೆ ಎರಡೂ ಪಂಗಡಗಳು ಒಂದು ಮಾತನ್ನು ಯೋಚಿಸದೆಯೇ ಒಪ್ಪಿಕೊಂಡಿವೆ: ಮೊದಲು ಮನಸ್ಸು ನಿರ್ಧರಿಸಿತು, ಆಮೇಲೆ ದೇಹ ಅದನ್ನು ಪಾಲಿಸಿತು. ಮನಸ್ಸು ಸವಾರ, ಮೈ ಕುದುರೆ. ಕಳೆದ ಕೆಲವು ದಶಕಗಳ ಮಿದುಳಿನ ಅಧ್ಯಯನಗಳು, ಅದರಲ್ಲೂ ಕಾಯಿಲೆಯಿಂದ ಚೇತರಿಸಿಕೊಂಡವರ ಮಿದುಳಿನ ಅಧ್ಯಯನಗಳು, ಈ ನಂಬಿಕೆಯನ್ನೇ ಅಲುಗಾಡಿಸುತ್ತವೆ.

ಮನುಷ್ಯನ ಮಿದುಳಿನ ತೂಕ ಮೈತೂಕದ ನೂರರಲ್ಲಿ ಎರಡು ಪಾಲು. ಸುಮ್ಮನೆ ಕುಳಿತಿರುವಾಗಲೂ ಅದು ದೇಹದ ಶಕ್ತಿಯಲ್ಲಿ ಐದನೆಯ ಒಂದು ಭಾಗವನ್ನು ಉರಿಸುತ್ತದೆ. ಊಟ ನಿಂತರೆ ಅದಕ್ಕೆ ಏನೂ ಆಗದೆ ಇರುತ್ತದೆಯೇ? ಅನೊರೆಕ್ಸಿಯಾ ಉಲ್ಬಣಿಸಿದವರ ಸ್ಕ್ಯಾನ್ ಚಿತ್ರಗಳಲ್ಲಿ ಮಿದುಳಿನ ನಡುವಿನ ದ್ರವಕೋಶಗಳು ಹಿಗ್ಗಿರುತ್ತವೆ, ಮೇಲ್ಮೈಯ ಮಡಿಕೆಗಳ ನಡುವಿನ ಸಂದುಗಳು ಅಗಲವಾಗಿರುತ್ತವೆ, ಬೂದುಬಣ್ಣದ ಹೊರಪದರ ತೆಳುವಾಗಿರುತ್ತದೆ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಎಸ್ತರ್ ವಾಲ್ಟನ್ ಮತ್ತು ಹಲವು ದೇಶಗಳ ಸಂಗಡಿಗರು 685 ರೋಗಿಗಳ ಹಾಗೂ 963 ಆರೋಗ್ಯವಂತರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಈ ವಿಷಯದಲ್ಲಿ ಬಹಳ ದೊಡ್ಡದು. ಖಿನ್ನತೆ, ಗೀಳುರೋಗದಂಥ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಕಾಣುವುದಕ್ಕಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚಿನ ಕುಗ್ಗುವಿಕೆ ಅವರಿಗೆ ಇಲ್ಲಿ ಕಂಡಿತು.

ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು. ತೂಕ ಸ್ವಲ್ಪ ಮಟ್ಟಿಗಾದರೂ ಮರಳಿದ್ದವರಲ್ಲಿ ಈ ಕುಗ್ಗುವಿಕೆ ಬಹಳ ಕಡಿಮೆಯಿತ್ತು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಸ್ಟೆಫಾನ್ ಏರ್ಲಿಷ್ ಅವರ ತಂಡ ಚಿಕಿತ್ಸೆಯ ಆರಂಭದಲ್ಲೊಮ್ಮೆ, ಸುಮಾರು ಮೂರು ತಿಂಗಳ ನಂತರ ಇನ್ನೊಮ್ಮೆ ರೋಗಿಗಳ ಮಿದುಳನ್ನು ಅಳೆದಾಗ ಹೊರಪದರ ಆಗಲೇ ದಪ್ಪವಾಗತೊಡಗಿತ್ತು. ನರತಂತುಗಳಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಪ್ರೋಟೀನಿನ ಪ್ರಮಾಣವೂ ತೂಕ ಏರಿದಂತೆ ಇಳಿಯಿತು. ವಾಲ್ಟರ್ ಕೇ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಂತೂ, ವರ್ಷಕ್ಕೂ ಮೇಲ್ಪಟ್ಟು ಚೆನ್ನಾಗಿದ್ದ ಹೆಂಗಸರ ಮಿದುಳಿನ ಅಂಗಾಂಶದ ಗಾತ್ರ ಎಂದೂ ಕಾಯಿಲೆ ಬೀಳದವರ ಮಿದುಳಿನಷ್ಟೇ ಇತ್ತು. ಇಷ್ಟು ಬೇಗ ತುಂಬಿಕೊಳ್ಳುವುದನ್ನು ನೋಡಿದರೆ, ನರಕೋಶಗಳು ರಾಶಿರಾಶಿಯಾಗಿ ಸತ್ತಿದ್ದವು ಎಂದು ನಂಬುವುದು ಕಷ್ಟ.

ಕಾಯಿಲೆಯ ಮನೆಯಲ್ಲಿ ಕುಳಿತವರಿಗೆ ಇದು ಎಷ್ಟು ದೊಡ್ಡ ಸಮಾಚಾರ! ಕಂಗಾಲಾದ ತಾಯಿತಂದೆಯರು ಮೊದಲು ಕೇಳುವುದೇ ನಮ್ಮ ಮಗು ಮೊದಲಿನ ಹಾಗೆ ಆಗುತ್ತದೆಯೇ ಎಂದು. ಬಹುಮಟ್ಟಿಗೆ ಹೌದು ಎಂಬ ಉತ್ತರ ಈಗ ಅಳತೆಗೆ ಸಿಕ್ಕಿದೆ. ಆದರೆ ಈ ಸಮಾಚಾರದ ಒಳಗೆ ಒಂದು ತಾತ್ವಿಕ ಪ್ರಶ್ನೆಯೂ ಇದೆ. ಊಟ ಬೇಡ ಎನ್ನುತ್ತಿದ್ದ ಮಿದುಳು, ಊಟವಿಲ್ಲದೆ ಕುಗ್ಗಿದ್ದ ಮಿದುಳು. ಉಂಡ ಮೇಲೆ ಅದು ಬೇರೆಯಾಯಿತು. ಹಾಗಾದರೆ ಬೇಡ ಎಂದವರು ಯಾರು?

ಹಸಿವು ಮನಸ್ಸನ್ನು ಎಷ್ಟರ ಮಟ್ಟಿಗೆ ತಿದ್ದಬಲ್ಲದು ಎಂಬುದಕ್ಕೆ ಒಂದು ಹಳೆಯ ಸಾಕ್ಷಿಯಿದೆ. 1944ರ ನವೆಂಬರಿನಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕ್ರೀಡಾಂಗಣದ ಅಡಿಯಲ್ಲಿದ್ದ ಪ್ರಯೋಗಾಲಯಕ್ಕೆ 36 ತರುಣರು ಬಂದು ಸೇರಿದರು. ಯುದ್ಧದಲ್ಲಿ ಕೊಲ್ಲುವುದಿಲ್ಲ ಎಂದು ಬಂದೂಕು ನಿರಾಕರಿಸಿದವರು. ಅವರಲ್ಲಿ ಅನೇಕರು ಕ್ವೇಕರ್, ಮೆನೊನೈಟ್, ಬ್ರೆದ್ರೆನ್ ಪಂಥಗಳ ಶ್ರದ್ಧಾವಂತರು. ಯುದ್ಧ ಮುಗಿದಾಗ ಯುರೋಪಿನ ಹಸಿದವರಿಗೆ ಹೇಗೆ ಉಣಿಸಬೇಕು ಎಂದು ತಿಳಿಯಲು ಶರೀರವಿಜ್ಞಾನಿ ಆನ್ಸೆಲ್ ಕೀಸ್ ಅವರಿಗೆ ಮೈಯೊಡ್ಡುವ ಜನ ಬೇಕಿತ್ತು. ಇವರು ಒಡ್ಡಿದರು. ಮೈಯಲ್ಲೂ ಮನಸ್ಸಿನಲ್ಲೂ ಗಟ್ಟಿಯಿದ್ದವರನ್ನೇ ಆರಿಸಲಾಗಿತ್ತು.

24 ವಾರಗಳ ಅರೆಹೊಟ್ಟೆಯಲ್ಲಿ ಅವರ ತೂಕ ಕಾಲುಭಾಗ ಇಳಿಯಿತು. ಮೈ ಇಳಿದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಡುಗೆಯಲ್ಲಿ ಎಂದೂ ಆಸಕ್ತಿಯಿಲ್ಲದವರು ಪಾಕಪುಸ್ತಕಗಳನ್ನು ಕೂಡಿಡತೊಡಗಿದರು. ತಟ್ಟೆಯಲ್ಲಿದ್ದುದನ್ನು ಚೂರುಚೂರು ಮಾಡಿ, ಕಲಸಿ, ಗಂಟೆಗಟ್ಟಲೆ ಎಳೆದು ತಿಂದರು. ಗೆಳೆಯರಿಂದ ದೂರ ಸರಿದರು, ಸಣ್ಣ ಮಾತಿಗೂ ಸಿಡುಕಿದರು, ಪ್ರೀತಿ ಪ್ರಣಯಗಳು ಅವರಿಗೆ ಬೇಡವಾದವು. ಒಬ್ಬನಂತೂ ಕೊಡಲಿಯಿಂದ ತನ್ನ ಕೈಯ ಮೂರು ಬೆರಳುಗಳನ್ನೇ ಕಡಿದುಕೊಂಡ. ಬೇಕೆಂದು ಮಾಡಿದ್ದೋ ಕೈತಪ್ಪಿ ಆದದ್ದೋ ಎಂಬುದು ಅವನಿಗೇ ಖಚಿತವಿರಲಿಲ್ಲ. ದಪ್ಪಗಾಗುವ ಭಯ ಇವರಲ್ಲಿ ಯಾರಿಗೂ ಇರಲಿಲ್ಲ. ಆದರೂ ಅನೊರೆಕ್ಸಿಯಾ ರೋಗಿಗಳ ವಾರ್ಡಿನಲ್ಲಿ ಕಾಣುವ ನಡವಳಿಕೆಗಳು ಒಂದರ ಹಿಂದೊಂದು ಬಂದವು, ಊಟ ಮರಳಿದ ತಿಂಗಳುಗಳಲ್ಲಿ ನಿಧಾನವಾಗಿ ಹೋದವು. 1950ರಲ್ಲಿ ಎರಡು ಸಂಪುಟಗಳಾಗಿ ಬಂದ ಕೀಸ್ ಅವರ ವರದಿಯನ್ನು ಈ ಕ್ಷೇತ್ರದವರು ಇಂದಿಗೂ ತಿರುವುತ್ತಾರೆ. ಆ ತರುಣರ ಶ್ರದ್ಧೆ ಸುಳ್ಳಾಗಿರಲಿಲ್ಲ. ಹಸಿವಿಗೆ ಮಾತ್ರ ಅದರ ಪರಿವೆ ಇರಲಿಲ್ಲ.

ಇದೇ ಪ್ರಯೋಗವನ್ನು ಭಾರತೀಯ ಚಿಂತನೆ ಬಹಳ ಹಿಂದೆಯೇ ಕಥೆಯ ರೂಪದಲ್ಲಿ ಮಾಡಿ ನೋಡಿದೆ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ತನ್ನ ಮಗ ಶ್ವೇತಕೇತುವಿಗೆ ಮನಸ್ಸು ಅನ್ನದಿಂದಾದದ್ದು ಎಂದು ಹೇಳುತ್ತಾನೆ. ಹನ್ನೆರಡು ವರ್ಷ ಗುರುಕುಲದಲ್ಲಿದ್ದು ವೇದಗಳನ್ನೆಲ್ಲ ಕಲಿತು, ಬಿಗುಮಾನದಿಂದ ಮನೆಗೆ ಬಂದ ಹುಡುಗ ಅವನು. ಅಪ್ಪ ವಾದ ಬೆಳೆಸುವುದಿಲ್ಲ. ಹದಿನೈದು ದಿನ ಊಟ ಮಾಡಬೇಡ, ನೀರನ್ನು ಮಾತ್ರ ಬೇಕಾದಷ್ಟು ಕುಡಿ, ಪ್ರಾಣ ನೀರಿನಿಂದಾದದ್ದು ಎನ್ನುತ್ತಾನೆ. ಅವಧಿ ಮುಗಿದು ಎದುರು ನಿಂತ ಮಗನಿಗೆ ವೇದ ಹೇಳು ಎಂದರೆ ಒಂದೂ ನೆನಪಿಗೆ ಬರುವುದಿಲ್ಲ. ಹೋಗಿ ಉಂಡು ಬಾ ಎಂದು ಕಳಿಸುತ್ತಾನೆ. ಉಂಡು ಬಂದವನಿಗೆ ಕೇಳಿದ್ದೆಲ್ಲ ಹೊಳೆಯುತ್ತದೆ.

ಕಲಿತದ್ದು ಅಳಿಸಿಹೋಗಿರಲಿಲ್ಲ, ಕೈಗೆಟುಕದೆ ಇತ್ತು ಎಂಬುದನ್ನು ಗಮನಿಸಬೇಕು. ಇನ್ನೂ ಮುಖ್ಯವಾದದ್ದು ಆ ಅಧ್ಯಾಯದ ಅನುಕ್ರಮ. ಜೀವನೂ ಸತ್ಯವೂ ಒಂದೇ ಎಂಬ ಪ್ರಸಿದ್ಧ ಮಹಾವಾಕ್ಯ ಬರುವುದು ಇದರ ಮುಂದಿನ ಖಂಡದಲ್ಲಿ. ಅಂದರೆ ತಂದೆ ಆ ಉಪದೇಶವನ್ನು ಹಸಿದ ಮಗನಿಗೆ ಕೊಡಲಿಲ್ಲ. ಮೊದಲು ಉಣಿಸಿದ. ಆಮೇಲೆ ಅನ್ನದ ಬೇರು ಯಾವುದು, ಅದರ ಬೇರು ಯಾವುದು ಎಂದು ಒಂದೊಂದೇ ಮೆಟ್ಟಿಲು ಕೆಳಗಿಳಿಸುತ್ತ ‘ಸತ್’ ಎಂಬ ಮೂಲದವರೆಗೆ ಕರೆದೊಯ್ದ. ಮನಸ್ಸು ಅನ್ನಮಯ ಎಂದವನು ಮನುಷ್ಯ ಬರೀ ಅನ್ನ ಎಂದು ಹೇಳಿ ನಿಲ್ಲಿಸಲಿಲ್ಲ. ಆದರೆ ಅನ್ನವನ್ನು ಹಾರಿಕೊಂಡು ಮುಂದೆ ಹೋಗುವ ದಾರಿಯನ್ನೂ ಅವನು ಬಿಡಲಿಲ್ಲ. ತೈತ್ತಿರೀಯದಲ್ಲೂ ಹೀಗೆಯೇ. ಭೃಗು ತಪಸ್ಸು ಮಾಡಿ ಅನ್ನದಿಂದ ಆನಂದದವರೆಗೆ ಏರಿದ ಮೇಲೆ, ಉಪನಿಷತ್ತು ಅವನನ್ನು ಆಕಾಶದಲ್ಲಿ ಬಿಡದೆ ಅನ್ನವನ್ನು ಹೀಗಳೆಯಬಾರದೆಂಬ ವ್ರತ ಹೇಳುತ್ತದೆ.

ಕಾಯಿಲೆಯ ಚಿಕಿತ್ಸೆಯಲ್ಲಿ ಈ ಅನುಕ್ರಮವೇ ಬಹುಕಾಲ ತಲೆಕೆಳಗಾಗಿತ್ತು. ಕಾರಣ ಅರ್ಥವಾದರೆ, ಒಳಗಿನ ಗಂಟು ಬಿಚ್ಚಿದರೆ, ಹುಡುಗಿ ತಾನಾಗಿಯೇ ಉಣ್ಣುತ್ತಾಳೆ ಎಂಬ ನಂಬಿಕೆಯಲ್ಲಿ ಮಾತಿನ ಮೇಲೆ ಮಾತು ನಡೆಯಿತು. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ವೈದ್ಯರು 1980ರ ದಶಕದಲ್ಲಿ ರೂಪಿಸಿದ ಕೌಟುಂಬಿಕ ಚಿಕಿತ್ಸೆ ಇದನ್ನು ತಿರುಗಿಸಿತು. ಮೊದಲ ಹಂತದಲ್ಲಿ ಕಾರಣದ ಹುಡುಕಾಟವಿಲ್ಲ, ತಪ್ಪು ಯಾರದೆಂಬ ಲೆಕ್ಕವಿಲ್ಲ. ಅಪ್ಪ ಅಮ್ಮ ಊಟದ ಹೊಣೆ ಹೊತ್ತು, ಪಕ್ಕದಲ್ಲಿ ಕುಳಿತು, ತುತ್ತು ತುತ್ತಾಗಿ ಉಣಿಸುತ್ತಾರೆ. ತೂಕ ಮರಳಿದಂತೆ ಆ ಹೊಣೆಯನ್ನು ಮಗುವಿನ ಕೈಗೆ ಹಿಂದಿರುಗಿಸುತ್ತಾರೆ. ಬದುಕಿನ ಮಿಕ್ಕ ಮಾತುಗಳೆಲ್ಲ ಕೊನೆಗೆ. ಹದಿಹರೆಯದವರಲ್ಲಿ ಇದಕ್ಕೆ ಸಿಕ್ಕಷ್ಟು ಒಳ್ಳೆಯ ಸಾಕ್ಷ್ಯ ಬೇರೆ ಯಾವ ವಿಧಾನಕ್ಕೂ ಸಿಕ್ಕಿಲ್ಲ. ಇದನ್ನು ವೈದ್ಯರ ಕಣ್ಗಾವಲಿಲ್ಲದೆ ಮಾಡಬಾರದು ಎಂಬ ಮಾತನ್ನೂ ಇಲ್ಲೇ ಸೇರಿಸಬೇಕು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಉಣಿಸಿದರೆ ರಕ್ತದಲ್ಲಿನ ಫಾಸ್ಫೇಟ್ ಕುಸಿದು ಹೃದಯಕ್ಕೆ ಅಪಾಯವಾಗಬಹುದು.

ಹಾಗಾದರೆ ಎಲ್ಲವೂ ಅನ್ನದ ಆಟವೇ? ಇಲ್ಲಿ ವಿಜ್ಞಾನವೇ ಕೈ ಅಡ್ಡ ಹಿಡಿಯುತ್ತದೆ. ಚೇತರಿಸಿಕೊಂಡವರ ಮಿದುಳಿನಲ್ಲಿ ಕೆಲವು ವ್ಯತ್ಯಾಸಗಳು ಉಳಿದಿರುವುದೂ ಕಂಡಿದೆ. ಗಿಡೊ ಫ್ರಾಂಕ್ ಅವರ ತಂಡ 2013ರಲ್ಲಿ ಹಣೆಯ ಹಿಂದೆ, ಕಣ್ಣುಗುಳಿಗಳ ಮೇಲಿರುವ ಭಾಗವೊಂದು ಕಾಯಿಲೆಯಲ್ಲಿರುವವರಲ್ಲೂ ಗುಣವಾದವರಲ್ಲೂ ಉಳಿದವರಿಗಿಂತ ದೊಡ್ಡದಾಗಿರುವುದನ್ನು ತೋರಿಸಿತು. ಇದು ಸಾಕು, ಇದು ರುಚಿ ಎಂದು ಬೆಲೆ ಕಟ್ಟುವ ಕೆಲಸದಲ್ಲಿ ಆ ಭಾಗಕ್ಕೆ ಪಾತ್ರವಿದೆ. ಸಕ್ಕರೆನೀರು ನಾಲಿಗೆಗೆ ಬಿದ್ದಾಗ ಇನ್ಸುಲಾ ಎಂಬ ಭಾಗ ತೋರುವ ಸ್ಪಂದನ ಗುಣವಾದ ಹೆಂಗಸರಲ್ಲಿ ಮಂದವಾಗಿರುವುದನ್ನು ವಾಲ್ಟರ್ ಕೇ ಅವರ ತಂಡ ಗುರುತಿಸಿದೆ. ಎಲ್ಲ ಅಧ್ಯಯನಗಳೂ ಒಂದೇ ರಾಗ ಹಾಡುವುದಿಲ್ಲ. ಮಿದುಳಿನ ಕೆಲವು ಕಡೆ ಬೂದುಭಾಗದ ಕೊರತೆ ಉಳಿದಿದೆ ಎಂದವರೂ ಇದ್ದಾರೆ. ಇನ್ನು ಸ್ವಭಾವದ ಮಾತಿಗೆ ಬಂದರೆ, ಎಲ್ಲವೂ ಅಚ್ಚುಕಟ್ಟಾಗಿರಬೇಕೆಂಬ ಹಟ, ತಪ್ಪಾದೀತೆಂಬ ಅಂಜಿಕೆ, ನಾಳೆಯ ಚಿಂತೆ ಇವು ಅನೇಕರಲ್ಲಿ ಕಾಯಿಲೆಗೆ ಮೊದಲು ಬಾಲ್ಯದಲ್ಲೇ ಇದ್ದು, ಗುಣವಾದ ಮೇಲೂ ಇರುತ್ತವೆ. 2019ರಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ರೋಗಿಗಳ ವಂಶವಾಹಿಗಳನ್ನು ಪರಿಶೀಲಿಸಿದ ಸಂಶೋಧನೆ ಎಂಟು ತಾಣಗಳನ್ನು ಗುರುತಿಸಿ, ಈ ಕಾಯಿಲೆಯ ಬೇರು ಮನಸ್ಸಿನಲ್ಲಷ್ಟೇ ಅಲ್ಲದೆ ದೇಹದ ಚಯಾಪಚಯದಲ್ಲೂ ಇದೆ ಎಂದಿತು.

ಗುಣವಾದ ಮೇಲೆ ತೆಗೆದ ಚಿತ್ರ, ಉಳಿದ ವ್ಯತ್ಯಾಸ ಹುಟ್ಟಿನಿಂದ ಬಂದದ್ದೋ ಕಾಯಿಲೆ ಬಿಟ್ಟುಹೋದ ಗಾಯದ ಗುರುತೋ ಎಂದು ಹೇಳಲಾರದು. ಆದರೂ ಒಂದು ವಿಂಗಡಣೆ ಸಾಧ್ಯವೆನಿಸುತ್ತದೆ. ಉಂಡೊಡನೆ ಮರಳಿ ಬಂದದ್ದು ಹಸಿವು ಕಸಿದುಕೊಂಡಿದ್ದ ಪಾಲು. ಉಂಡ ಮೇಲೂ ಉಳಿದದ್ದರಲ್ಲಿ ವ್ಯಕ್ತಿಯ ಸ್ವಂತ ಸ್ವಭಾವದ ಪಾಲಿರಬಹುದು. ಅದೇ ಹಟ ಓದಿನಲ್ಲಿ, ಸಂಗೀತದ ಸಾಧನೆಯಲ್ಲಿ, ಇನ್ನೊಬ್ಬರ ನೋವಿಗೆ ಮಿಡಿಯುವುದರಲ್ಲಿ ಹರಿದೀತು. ಕಾಯಿಲೆ ಹೊಸ ಮನುಷ್ಯರನ್ನು ಸೃಷ್ಟಿಸುವುದಿಲ್ಲ. ಇದ್ದವರ ಗುಣಗಳನ್ನೇ ಹಿಡಿದು ಅವರ ವಿರುದ್ಧ ತಿರುಗಿಸುತ್ತದೆ. ಆದ್ದರಿಂದಲೇ ಅದು ಒಳಗಿರುವವರಿಗೆ ರೋಗದಂತೆ ಕಾಣದೆ ತನ್ನದೇ ಸಂಕಲ್ಪದಂತೆ ಕಾಣುತ್ತದೆ.

ಬ್ರಿಟನ್ನಿನ ಮನೋವೈದ್ಯೆ ಜಸಿಂತಾ ಟ್ಯಾನ್ ಮತ್ತು ನೀತಿಶಾಸ್ತ್ರಜ್ಞ ಟೋನಿ ಹೋಪ್ ಈ ತೊಡಕನ್ನು ರೋಗಿಗಳ ಬಾಯಿಂದಲೇ ಕೇಳಿಸಿಕೊಂಡರು. ಅವರು ಮಾತಾಡಿಸಿದ ಹುಡುಗಿಯರು ತಿಳಿವಳಿಕೆಯ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾದರು. ಊಟ ಬಿಟ್ಟರೆ ಸಾಯಬಹುದೆಂದು ಅವರಿಗೆ ಗೊತ್ತಿತ್ತು, ತರ್ಕ ಎಲ್ಲೂ ತಪ್ಪಿರಲಿಲ್ಲ. ಬದಲಾಗಿದ್ದುದು ಮೌಲ್ಯಗಳ ತಕ್ಕಡಿ. ತೆಳ್ಳಗಿರುವುದರ ಮುಂದೆ ಬದುಕೇ ಹಗುರವಾಗಿತ್ತು. ಈ ಕಾಯಿಲೆ ಹೋದರೆ ತನ್ನದೇ ಒಂದು ಭಾಗ ಹೋದಂತೆ ಎಂದವರೂ ಅವರಲ್ಲಿದ್ದರು. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ನಿರ್ಧರಿಸುವ ಸಾಮರ್ಥ್ಯವನ್ನು ಅಳೆಯುವುದು ಮಾಹಿತಿಯನ್ನು ಗ್ರಹಿಸುವ, ಪರಿಣಾಮವನ್ನು ಅರಿಯುವ, ನಿರ್ಧಾರವನ್ನು ತಿಳಿಸುವ ಶಕ್ತಿಯಿಂದ. ಮೂರೂ ಇದ್ದು ತಕ್ಕಡಿ ಮಾತ್ರ ವಾಲಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಅಲ್ಲಿಯೂ ಹಾಗೆಯೇ ಉಳಿದಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ 2007ರ ವರದಿಯೊಂದು ಇಲ್ಲಿ ನೆನಪಾಗುತ್ತದೆ: ತನಗೆ ಆಸ್ಪತ್ರೆಯ ಅಗತ್ಯವೇ ಇಲ್ಲ ಎನ್ನುತ್ತ ದಾಖಲಾದವರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಜನ ಎರಡೇ ವಾರದಲ್ಲಿ ಅಗತ್ಯವಿತ್ತು ಎಂದು ಒಪ್ಪಿಕೊಂಡರು. ಶ್ವೇತಕೇತುವಿನ ಅವಧಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಧರ್ಮಗಳು ಉಪವಾಸವನ್ನು ಮೆಚ್ಚಿವೆ, ನಿಜ. ಆದರೆ ಆಳವಾಗಿ ಯೋಚಿಸಿದ ಸಂಪ್ರದಾಯಗಳು ಉಪವಾಸ ಮಾಡುವವರ ಮನಸ್ಸನ್ನೂ ಪ್ರಶ್ನಿಸಿವೆ. ಆರು ವರ್ಷ ಮೈ ದಂಡಿಸಿದ ಗೌತಮ ಉರುವೇಲದಲ್ಲಿ ಸುಜಾತೆ ಕೊಟ್ಟ ಪಾಯಸ ಉಂಡಾಗ, ಜೊತೆಗಿದ್ದ ಐವರು ತಪಸ್ವಿಗಳು ಇವನು ಕೆಟ್ಟ ಎಂದು ಬಿಟ್ಟು ನಡೆದರು. ಬೋಧಿ ದೊರೆತದ್ದು ಆ ಊಟದ ನಂತರ. ಗಾಂಧಾರದ ಶಿಲ್ಪಿಗಳು ಕೆತ್ತಿದ, ಎಲುಬುಗಳೆಲ್ಲ ಎದ್ದು ಕಾಣುವ ಉಪವಾಸಿ ಬುದ್ಧ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿದ್ದಾನೆ. ಬೆರಗು ಹುಟ್ಟಿಸುವ ಶಿಲ್ಪ ಅದು. ಆದರೆ ಅದು ತೋರಿಸುವುದು ಅವನು ಬಿಟ್ಟುಬಂದ ದಾರಿಯನ್ನು. ಗೀತೆಯ ಆರನೆಯ ಅಧ್ಯಾಯ ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ ಯೋಗವಿಲ್ಲ ಎನ್ನುತ್ತದೆ. ವೇಯ್ ಸಂಸ್ಕೃತದಲ್ಲಿ ಓದಿದ್ದು ಅದೇ ಗೀತೆ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನ ಎಂಬ ಜೈನ ಉಪವಾಸವ್ರತದಿಂದ ದೇಹ ಬಿಟ್ಟವರ ಶಾಸನಗಳು ಸಾಲುಗಟ್ಟಿವೆ. ಅದನ್ನೂ ಈ ಕಾಯಿಲೆಯನ್ನೂ ಒಂದೇ ಚೀಲಕ್ಕೆ ತುಂಬುವುದು ಅಜ್ಞಾನ. ಪರಿಹಾರವಿಲ್ಲದ ಮುಪ್ಪು, ವಾಸಿಯಾಗದ ರೋಗ, ಕ್ಷಾಮದಂಥ ಸಂದರ್ಭಗಳಿಗೆ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಈ ವ್ರತವನ್ನು ಸೀಮಿತಗೊಳಿಸುತ್ತದೆ. ಬದುಕಬೇಕೆಂಬ ಆಸೆಯಂತೆ ಬೇಗ ಸಾಯಬೇಕೆಂಬ ಆಸೆಯನ್ನೂ ಅದರ ದೋಷವೆಂದು ಎಣಿಸುತ್ತದೆ. ಹದಿನೈದರ ಹುಡುಗಿಯ ಹಸಿವಿಗೆ ಆ ಶಾಸ್ತ್ರದಲ್ಲಿ ಎಲ್ಲಿಯೂ ಜಾಗವಿಲ್ಲ.

ಮಧ್ಯಯುಗದ ಇಟಲಿಯ ಸಂತ ಕ್ಯಾಥರಿನ್ 1380ರಲ್ಲಿ 33ನೆಯ ವಯಸ್ಸಿಗೆ ತೀರಿಕೊಂಡಳು. ಅವಳ ಉಪವಾಸವನ್ನು ಪವಾಡವೆಂದು ಜನ ಕೊಂಡಾಡಿದರು. ಅವಳೇ ಬರೆದ ಪತ್ರವೊಂದರಲ್ಲಿ ಮಾತ್ರ, ಎಲ್ಲರಂತೆ ಉಣ್ಣುವ ಶಕ್ತಿ ಕೊಡೆಂದು ದೇವರನ್ನು ಬೇಡುತ್ತಿರುವುದಾಗಿ ಹೇಳಿಕೊಂಡಿದ್ದಾಳೆ. ಇತಿಹಾಸಕಾರ ರುಡಾಲ್ಫ್ ಬೆಲ್ 1985ರಲ್ಲಿ ಇಂಥವರ ಬದುಕನ್ನು ಪವಿತ್ರ ಅನೊರೆಕ್ಸಿಯಾ ಎಂದು ಕರೆದರೆ, ಎರಡು ವರ್ಷಗಳ ನಂತರ ಕ್ಯಾರೊಲಿನ್ ಬೈನಮ್ ಆ ಹೆಂಗಸರ ಭಕ್ತಿಯನ್ನು ರೋಗದ ಹೆಸರಿಗೆ ಇಳಿಸಬಾರದೆಂದು ವಾದಿಸಿದರು. ಬೈನಮ್ ಮಾತಿನಲ್ಲಿ ತೂಕವಿದೆ. ಆದರೆ ಕೊಂಡಾಡುವವರ ಗದ್ದಲದಲ್ಲಿ ಕ್ಯಾಥರಿನ್‌ಳ ಆ ಬೇಡಿಕೆ ಯಾರಿಗೂ ಕೇಳಿಸದೆ ಹೋಯಿತಲ್ಲ ಎಂಬ ಸಂಕಟ ಉಳಿಯುತ್ತದೆ.

ನಮ್ಮ ಮನೆಗಳಲ್ಲೂ ಸೋಮವಾರ, ಸಂಕಷ್ಟಿ, ಏಕಾದಶಿ, ಒಪ್ಪೊತ್ತು ಎಂದರೆ ಯಾರೂ ಮರುಮಾತಾಡುವುದಿಲ್ಲ. ಒಂದು ವಾರದಲ್ಲಿ ವ್ರತಗಳು ಎರಡರಿಂದ ನಾಲ್ಕಾದರೆ ಹುಡುಗಿಗೆ ದೈವಭಕ್ತಿ ಹೆಚ್ಚು ಎಂಬ ಮೆಚ್ಚುಗೆಯೇ ಸಿಕ್ಕೀತು. ಆದರೆ ಶಾಸ್ತ್ರವೇ ಒಂದು ಒರೆಗಲ್ಲು ಕೊಟ್ಟಿದೆ. ಏಕಾದಶಿಗೆ ದ್ವಾದಶಿಯ ಪಾರಣೆ ಇದೆ. ಹೊತ್ತು ಮೀರದಂತೆ ಪಾರಣೆ ಮಾಡದಿದ್ದರೆ ವ್ರತವೇ ಕೆಡುತ್ತದೆ. ಅಂಬರೀಷ ದೂರ್ವಾಸರಂಥ ಮುನಿಯ ಕೋಪವನ್ನು ಎದುರಿಸಬೇಕಾಗಿ ಬಂದದ್ದೂ ಆ ಹೊತ್ತು ತಪ್ಪಬಾರದೆಂದು ಗುಟುಕು ನೀರು ಕುಡಿದದ್ದಕ್ಕೆ. ಕಾಯಿಲೆಯ ಉಪವಾಸಕ್ಕೆ ಪಾರಣೆಯಿಲ್ಲ. ಪಾರಣೆಯ ದಿನವೂ ತಟ್ಟೆಯ ಮುಂದೆ ಮಗು ನಡುಗುತ್ತಿದ್ದರೆ, ಗಂಡುಮಗುವಾದರೂ ಅಷ್ಟೇ, ಅದು ಪುರೋಹಿತರನ್ನು ಕೇಳುವ ವಿಷಯವಲ್ಲ, ವೈದ್ಯರನ್ನು ಕಾಣುವ ವಿಷಯ.

ವರ್ಷಗಟ್ಟಲೆ ಗುಣವಾಗದೆ ಉಳಿದವರ ಪಾಡು ಏನು ಎಂಬುದೇ ಈಗ ಅತ್ಯಂತ ಕಠಿಣ ಚರ್ಚೆ. 2022ರಲ್ಲಿ ಅಮೆರಿಕದ ಕೆಲವು ವೈದ್ಯರು, ಚಿಕಿತ್ಸೆಗೆ ಬಗ್ಗದ ಅನೊರೆಕ್ಸಿಯಾಕ್ಕೂ ಕ್ಯಾನ್ಸರಿನಂತೆ ಒಂದು ಕೊನೆಯ ಹಂತವಿದೆ, ಅಲ್ಲಿ ರೋಗಿ ಸಾಕು ಎಂದರೆ ಬಿಟ್ಟುಬಿಡಬೇಕು ಎಂದು ಬರೆದಾಗ ವೈದ್ಯಲೋಕದಲ್ಲಿ ದೊಡ್ಡ ವಿವಾದ ಎದ್ದಿತು. ದಣಿದವರ ಮೇಲಿನ ಕರುಣೆಯಿಂದ ಹುಟ್ಟಿದ ಮಾತು ಅದು. ಆದರೆ ಸಾಕು ಎನ್ನುವ ಆ ದನಿಯಲ್ಲಿ ಹಸಿವಿನ ಪಾಲೆಷ್ಟು, ಆಕೆಯ ಪಾಲೆಷ್ಟು ಎಂದು ಹಸಿದಿರುವಾಗಲೇ ಬೇರ್ಪಡಿಸುವ ಉಪಾಯ ಯಾರ ಬಳಿಯೂ ಇಲ್ಲ. ಬಾಸ್ಟನ್ನಿನಲ್ಲಿ ಒಂದೇ ಗುಂಪಿನ ರೋಗಿಗಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನದ ಫಲಿತಾಂಶ 2017ರಲ್ಲಿ ಹೊರಬಂತು. ಒಂಬತ್ತು ವರ್ಷಗಳ ಹೊತ್ತಿಗೆ ಅನೊರೆಕ್ಸಿಯಾದಿಂದ ಗುಣವಾಗಿದ್ದವರು ನೂರಕ್ಕೆ 31 ಜನ ಮಾತ್ರ. 22 ವರ್ಷಗಳ ಹೊತ್ತಿಗೆ ಆ ಸಂಖ್ಯೆ ಸುಮಾರು 63 ಆಗಿತ್ತು. ಒಂಬತ್ತನೆಯ ವರ್ಷದಲ್ಲಿ ಇನ್ನೂ ಕಾಯಿಲೆಯಲ್ಲಿದ್ದವರ ಪೈಕಿ ಅರ್ಧದಷ್ಟು ಹೆಂಗಸರು ಆಮೇಲಿನ ವರ್ಷಗಳಲ್ಲಿ ಊಟಕ್ಕೆ ಮರಳಿದ್ದರು.